ಮೊಸರಿನ ಮೇಲೆ ಮುನಿಸೇಕೆ?



ಕಳೆದ ಬೇಸಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಬೀಜಾಡಿಗೆ ಬಂದಿದ್ದ. ಮಡದಿ ಮಕ್ಕಳೊಂದಿಗೆ ಆನೆಗುಡ್ಡೆಯ ವಿನಾಯಕನ ದರ್ಶನ ಮುಗಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಗೆ ಬಂದ. ಬಾಳೆಲೆಯ ಮುಂದೆ ಕುಳಿತವನು ಅನ್ನವನ್ನು ಒಂದೇ ಸೌಟು ಸಾಕೆಂದ. ಪಲ್ಯವನ್ನು ಎರಡು ಸಲ ಹಾಕಿಸಿಕೊಂಡ. ಕೊನೆಯಲ್ಲಿ ನನ್ನ ಪತ್ನಿ ಮೊಸರಿನ ಪಾತ್ರೆ ಹಿಡಿದು ಬಂದಾಗ ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದುಬಿಟ್ಟ.

"ಮೊಸ್ರ್ ಬ್ಯಾಡ ಅಮ್ಮ, ಬಿಟ್ಟ್ ಆರ್ ತಿಂಗ್ಳಾಯ್ತ್."

"ಮೊಸ್ರ್ ಹಾಕ್ದೆ ಊಟ ಮುಗ್ಸುದ್ ಹ್ಯಾಂಗ್ ಮಾರಾಯ?" ಎಂದು ಆಕೆ ಪಾತ್ರೆ ಹಿಡಿದುಕೊಂಡೇ ನಿಂತಳು.

ನಲವತ್ತೆರಡರ ವಯಸ್ಸಿಗೇ ಅವನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿದೆಯಂತೆ. ಯಾರೋ ಕೊಟ್ಟ ಪಟ್ಟಿಯೊಂದನ್ನು ಮೊಬೈಲಿನಲ್ಲಿ ತೋರಿಸಿದ. ಪಿಷ್ಟ ಮತ್ತು ಸಕ್ಕರೆಗಳನ್ನು ಕಡಿಮೆ ಮಾಡುವ ಆಹಾರಕ್ರಮವದು. ಈಗ ಎಲ್ಲರೂ 'ಲೋ ಕಾರ್ಬ್' ಎಂದು ಕರೆಯುವಂಥದ್ದು. ವರ್ಜ್ಯ ಪದಾರ್ಥಗಳ ಸಾಲಿನಲ್ಲಿ ಅಕ್ಕಿ, ಬೆಲ್ಲ, ಬಟಾಟೆಗಳ ಕೆಳಗೆ 'ಹಾಲು, ಮೊಸರು' ಎಂದೂ ಇತ್ತು. ಸರಿ, ಅವರವರ ದೇಹ, ಅವರವರ ವೈದ್ಯರು ಎಂದು ನಾನು ಸುಮ್ಮನಾದೆ. ಆದರೆ ಸಂಜೆ ನಾಲ್ಕರ ಹೊತ್ತಿಗೆ ಅವನು ಕಾರಿನಲ್ಲಿದ್ದ ತಂಪು ಪೆಟ್ಟಿಗೆಯಿಂದ ಪುಟ್ಟದೊಂದು ಲೋಟ ತೆಗೆದು ಚಮಚೆಯಿಂದ ತಿನ್ನತೊಡಗಿದ. ಮೇಲೆ ಸ್ಟ್ರಾಬೆರಿಯ ಚಿತ್ರ, 'ಲೋ ಫ್ಯಾಟ್ ಯೋಗರ್ಟ್' ಎಂಬ ಹೆಸರು. ನಿವೃತ್ತ ಮಾಸ್ತರನ ದುರಭ್ಯಾಸ ನೋಡಿ: ಕನ್ನಡಕ ಏರಿಸಿ ಲೋಟದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ನೂರು ಗ್ರಾಮಿಗೆ ಹದಿನಾಲ್ಕು ಗ್ರಾಂ ಸಕ್ಕರೆ! ನನ್ನ ಪತ್ನಿಯ ಕೈಯ ಮೊಸರಿನಲ್ಲಿ ಅದರ ಮೂರನೆಯ ಒಂದು ಭಾಗವೂ ಇರಲಾರದು.

"ಹಾಲು ಮೊಸರಾಗುವುದು ಯಾವ ಬಗೆಯ ಬದಲಾವಣೆ?" ಎಂದು ಕೇಳಿದೆ. "ರಾಸಾಯನಿಕ ಬದಲಾವಣೆ ಸರ್, ಹಿಂದಿರುಗಿಸಲಾಗದ ಬದಲಾವಣೆ" ಎಂದು ತಡವರಿಸದೆ ಉತ್ತರಿಸಿದ. ಹೆಂಡತಿ ಮಕ್ಕಳು ನಕ್ಕರು, ನಾನೂ ನಕ್ಕೆ. ಆದರೆ ಅವನು ಹೋದ ಮೇಲೆ ಆ ಉತ್ತರ ನನ್ನನ್ನು ಕೊರೆಯತೊಡಗಿತು. ಆ ಪ್ರಶ್ನೆಯನ್ನು ವರ್ಷ ವರ್ಷವೂ ಕೇಳಿದ್ದೇನೆ, ಸರಿಯುತ್ತರಕ್ಕೆ ಅಂಕ ಕೊಟ್ಟಿದ್ದೇನೆ. ಬದಲಾದದ್ದು ಏನು, ಯಾವುದು ಯಾವುದಾಯಿತು ಎಂದು ಒಂದು ದಿನವಾದರೂ ಬಿಡಿಸಿ ಹೇಳಿದೆನೇ? ಹೇಳಿದ್ದ ನೆನಪಿಲ್ಲ. ಹಾಗಾಗಿ ಅಂದು ಬಾಕಿ ಉಳಿದ ಪಾಠವನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಹಾಲಿನಲ್ಲಿ ಸ್ವಭಾವತಃ ಒಂದು ಸಕ್ಕರೆ ಇದೆ, ಅದರ ಹೆಸರು ಲ್ಯಾಕ್ಟೋಸ್. ಹಸುವಿನ ಹಾಲಿನಲ್ಲಿ ನೂರು ಗ್ರಾಮಿಗೆ ಸುಮಾರು ೪.೫ರಿಂದ ೫ ಗ್ರಾಂ. ಹೆಪ್ಪು ಹಾಕಿದಾಗ ಅದರಲ್ಲಿರುವ ಬ್ಯಾಕ್ಟೀರಿಯಾಗಳು ಈ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲದಿಂದ ಹಾಲಿನ ಪ್ರೋಟೀನು ಗಟ್ಟಿಯಾಗುತ್ತದೆ, ನಾಲಿಗೆಗೆ ಹುಳಿ ತಾಗುತ್ತದೆ. ಅಂದರೆ ಮೊಸರಿನ ಹುಳಿ ಎಂಬುದು ಹಾಲಿನ ಸಿಹಿ ಖರ್ಚಾದದ್ದರ ಲೆಕ್ಕ. ಹಾಗೆಂದು 'ಹುಳಿ ಮೊಸರಿನಲ್ಲಿ ಸಕ್ಕರೆಯೇ ಇರುವುದಿಲ್ಲ' ಎಂದು ಕೆಲವರು ಹೇಳುವುದು ಅತಿಶಯೋಕ್ತಿ. ಸಾಮಾನ್ಯವಾಗಿ ಕಾಲುಭಾಗ, ಹೆಚ್ಚೆಂದರೆ ಮೂರನೆಯ ಒಂದು ಭಾಗದಷ್ಟು ಲ್ಯಾಕ್ಟೋಸ್ ಮಾತ್ರ ಕರಗುತ್ತದೆ. ಆ ಬಳಿಕ ಬ್ಯಾಕ್ಟೀರಿಯಾಗಳಿಗೆ ತಾವೇ ಮಾಡಿದ ಹುಳಿ ಸಹಿಸಲಾಗದೆ ಕೆಲಸ ನಿಧಾನವಾಗಿಬಿಡುತ್ತದೆ. ಮನೆಯ ಸಾದಾ ಮೊಸರಿನಲ್ಲಿ ನೂರು ಗ್ರಾಮಿಗೆ ಮೂರು ನಾಲ್ಕು ಗ್ರಾಂ ಶರ್ಕರ ಉಳಿದಿರುತ್ತದೆ ಎಂದು ಇಟ್ಟುಕೊಳ್ಳಿ. ದೊಡ್ಡದೊಂದು ಬಟ್ಟಲು, ಎಂದರೆ ಇನ್ನೂರು ಗ್ರಾಂ ತಿಂದರೂ ಎಂಟು ಗ್ರಾಂ ಮೀರದು.

ಇನ್ನು ಅದರ ಕೆಳಗಿರುವ ಅನ್ನದ ಲೆಕ್ಕ ನೋಡೋಣ. ಬೇಯಿಸಿದ ಅನ್ನದಲ್ಲಿ ನೂರು ಗ್ರಾಮಿಗೆ ಸುಮಾರು ೨೮ ಗ್ರಾಂ ಪಿಷ್ಟ. ನಮ್ಮ ಕರಾವಳಿಯವರ ಒಂದು ಹೊತ್ತಿನ ಊಟದ ಅನ್ನ ಮುನ್ನೂರು ಗ್ರಾಮಿಗೆ ಕಡಿಮೆಯಿಲ್ಲ. ಅಲ್ಲಿಗೇ ಎಂಬತ್ತು ಗ್ರಾಂ ದಾಟಿತು. ಕುಚ್ಚಲಕ್ಕಿಯಾದರೆ ಏನೂ ಆಗದು ಎಂಬ ನಂಬಿಕೆಯೊಂದು ನಮ್ಮೂರಿನಲ್ಲಿ ಗಟ್ಟಿಯಾಗಿದೆ. ಅದು ಬೆಳ್ತಿಗೆಗಿಂತ ನಿಧಾನವಾಗಿ ಜೀರ್ಣವಾಗುತ್ತದೆಂಬುದು ಬೇರೆ ಮಾತು, ಪಿಷ್ಟವಂತೂ ಪಿಷ್ಟವೇ. ನನ್ನ ಅಭಿಪ್ರಾಯ ಇಷ್ಟೇ: ಮೊಸರನ್ನದಲ್ಲಿ ಅಪರಾಧಿ ಅನ್ನ, ಶಿಕ್ಷೆ ಮೊಸರಿಗೆ. ತರಗತಿಯಲ್ಲಿ ಗಲಾಟೆ ಮಾಡಿದವನನ್ನು ಬಿಟ್ಟು ಅವನ ಪಕ್ಕದಲ್ಲಿ ಕುಳಿತವನ ಕಿವಿ ಹಿಂಡಿದ ಹಾಗೆ! (ಹಾಗೆ ನಾನೂ ಮಾಡಿದ್ದಿದೆ. ಕಿವಿ ಹಿಂಡಿಸಿಕೊಂಡವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.)

ಇದು ನನ್ನ ಅನುಭವದ ಮಾತೂ ಹೌದು. ನಿವೃತ್ತನಾದ ಮೂರನೆಯ ವರ್ಷ ನನ್ನ ರಕ್ತಪರೀಕ್ಷೆಯಲ್ಲಿಯೂ ಸಕ್ಕರೆ ಕಾಣಿಸಿಕೊಂಡಿತು. ಅನ್ನ ಬಿಡುವುದು ಅಷ್ಟೇನೂ ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಊಟದ ಕೊನೆ. ಸಾರು, ಹುಳಿ, ಪಲ್ಯ ಎಲ್ಲ ಆದ ಮೇಲೆ ಒಂದು ಹಿಡಿ ಅನ್ನವನ್ನು ಮೊಸರಿನಲ್ಲಿ ಮಿದಿದು, ಮಾವಿನ ಮಿಡಿ ಉಪ್ಪಿನಕಾಯಿ ಕಚ್ಚಿಕೊಂಡು ಉಣ್ಣುವ ಆ ಕೊನೆಯ ನಾಲ್ಕು ತುತ್ತುಗಳಿಲ್ಲದೆ ಎದ್ದರೆ, ಊಟದ ನಡುವೆ ಯಾರೋ ಕರೆದು ಎಬ್ಬಿಸಿದಂತಾಗುತ್ತಿತ್ತು. ಇದು ಬರಿಯ ನಾಲಿಗೆಯ ಚಪಲವೆಂದು ಹಗುರಾಗಿ ನೋಡಬಾರದು. ಪಥ್ಯಗಳು ಸೋಲುವುದು ಇಂಥ ಕಡೆಯಲ್ಲಿಯೇ. ಕಾಗದದ ಮೇಲೆ ಪಟ್ಟಿ ಎಷ್ಟು ಸರಿಯಿದ್ದರೂ ಉಂಡವನಿಗೆ ಉಂಡೆನೆನಿಸದಿದ್ದರೆ ತಿಂಗಳೊಳಗೆ ಅದು ಹರಿದುಹೋಗುತ್ತದೆ. ನಾನು ಒಂದೂವರೆ ತಿಂಗಳಿಗೆ ಸೋತೆ. ಎರಡನೆಯ ಸಲ ಮೊಸರನ್ನು ಉಳಿಸಿಕೊಂಡು ಹೊರಟೆ, ಈಗ ವರ್ಷಗಳಾದುವು.

ಕುತೂಹಲದ ಸಂಗತಿಯೊಂದಿದೆ. ಇಂಥ ಆಹಾರಕ್ರಮವನ್ನು ಜನಪ್ರಿಯಗೊಳಿಸಿದವರಲ್ಲಿ ಮೊದಲಿಗನಾದ ವಿಲಿಯಂ ಬ್ಯಾಂಟಿಂಗ್ ಲಂಡನ್ನಿನಲ್ಲಿ ಅಂತ್ಯಕ್ರಿಯೆಗಳನ್ನು ನಡೆಸಿಕೊಡುವ ವ್ಯವಹಾರದವನು. ತೀರಾ ಸ್ಥೂಲಕಾಯನಾಗಿದ್ದ ಅವನು ವೈದ್ಯರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಬಟಾಟೆಗಳನ್ನು ಬಿಟ್ಟು ಇಳಿದುಹೋದ ಕಥೆಯನ್ನು ೧೮೬೩ರಲ್ಲಿ ಕಿರುಹೊತ್ತಿಗೆಯಾಗಿ ಪ್ರಕಟಿಸಿದ. ಅವನು ಬಿಟ್ಟ ಪದಾರ್ಥಗಳಲ್ಲಿ ಹಾಲು, ಬೆಣ್ಣೆಗಳೂ ಇದ್ದುವು. ಮೊಸರಿನ ಮಾತೇ ಇಲ್ಲ. ಅಂದಿನ ಲಂಡನ್ನಿನವನಿಗೆ ಮೊಸರಿನ ಗೊಡವೆಯಾದರೂ ಎಲ್ಲಿಯದು! ಮೊಸರಿಗೆ ಯುರೋಪಿನಲ್ಲಿ ಮಾನ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಬಲ್ಗೇರಿಯದ ರೈತರು ದೀರ್ಘಾಯುಷಿಗಳಾಗಿರಲು ಹುಳಿಹಾಲೇ ಕಾರಣವೆಂದು ೧೯೦೮ರ ನೊಬೆಲ್ ಪುರಸ್ಕೃತ ವಿಜ್ಞಾನಿ ಮೆಕ್ನಿಕಾಫ್ ಸಾರಿದ್ದ. ತಾನೂ ತಪ್ಪದೆ ಅದನ್ನು ಕುಡಿಯುತ್ತಿದ್ದ ಆತ ತೀರಿಕೊಂಡದ್ದು ೭೧ರ ವಯಸ್ಸಿನಲ್ಲಿ. ಮೊಸರನ್ನು ಸಂಜೀವಿನಿಯೆಂದು ಹೊಗಳುವವರೂ ಇದನ್ನು ನೆನಪಿಡುವುದು ಒಳ್ಳೆಯದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೨೪ರ ಮಾರ್ಚ್‌ನಲ್ಲಿ, ವಾರಕ್ಕೆ ಕನಿಷ್ಠ ಎರಡು ಕಪ್ ಮೊಸರು ತಿನ್ನುವುದರಿಂದ ಎರಡನೆಯ ಬಗೆಯ ಮಧುಮೇಹದ ಸಂಭವ ತಗ್ಗಬಹುದೆಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಆದರೆ 'ಸೀಮಿತ ಪುರಾವೆಯ ಪ್ರಕಾರ' ಎಂಬ ಮಾತನ್ನೂ ಜೊತೆಗೆ ಸೇರಿಸಬೇಕೆಂದಿತು. ನನಗೆ ಆ ಎಚ್ಚರ ಹಿಡಿಸಿತು. ಮೊಸರು ಔಷಧವಲ್ಲ, ಶತ್ರುವೂ ಅಲ್ಲ.

ಆರಿಸುವುದು ಹೇಗೆ? ಮೊದಲನೆಯ ಮಾತು, ಪೊಟ್ಟಣದ ಮುಂಭಾಗವನ್ನು ನಂಬಬೇಡಿ, ತಿರುಗಿಸಿ ಓದಿ. 'ಒಟ್ಟು ಸಕ್ಕರೆ', 'ಸೇರಿಸಿದ ಸಕ್ಕರೆ' ಎಂದು ಎರಡು ಸಾಲುಗಳನ್ನು ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಈಗ ಇದೆ. ಸಾದಾ ಮೊಸರಿನ ಮೇಲೂ ಒಟ್ಟು ಸಕ್ಕರೆ ನಾಲ್ಕೈದು ಗ್ರಾಂ ಎಂದಿರುತ್ತದೆ. ಅದು ಹಾಲಿನದೇ ಸಕ್ಕರೆ, ಗಾಬರಿ ಬೇಡ. ಸೇರಿಸಿದ ಸಕ್ಕರೆ ಸೊನ್ನೆಯಾಗಿರಬೇಕು, ಅಷ್ಟೆ. ಪದಾರ್ಥಗಳ ಪಟ್ಟಿಯಲ್ಲಿ ಹಾಲು ಮತ್ತು ಹೆಪ್ಪು ಎರಡೇ ಇದ್ದರೆ ಉತ್ತಮ. ಡೆಕ್ಸ್‌ಟ್ರೋಸ್, ಮಾಲ್ಟೋಡೆಕ್ಸ್‌ಟ್ರಿನ್, ಸಿರಪ್, ಪಿಷ್ಟ ಎಂಬ ಹೆಸರುಗಳು ಕಂಡರೆ ಅದೇ ಸಕ್ಕರೆಯ ಬಂಧುಬಳಗ ಬೇರೆ ಅಂಗಿ ತೊಟ್ಟು ಬಂದಿದೆಯೆಂದು ತಿಳಿಯಿರಿ. 'ಲೋ ಫ್ಯಾಟ್' ಎಂಬ ಮಾತಿಗೂ ಮರುಳಾಗಬೇಕಿಲ್ಲ. ಕೊಬ್ಬು ತೆಗೆದಾಗ ಮೊಸರು ನೀರಾಗುತ್ತದೆ. ಗಟ್ಟಿಯಾಗಲೆಂದು ಹಾಲಿನ ಪುಡಿ ಸೇರಿಸುವುದುಂಟು. ಕೆನೆರಹಿತ ಹಾಲಿನ ಪುಡಿಯಲ್ಲಿ ಅರ್ಧದಷ್ಟು ಲ್ಯಾಕ್ಟೋಸೇ. ಸ್ಟ್ರಾಬೆರಿಯ ಸಿಹಿ ಅದರ ಮೇಲಿನದು. ಪೊಟ್ಟಣದ ಸಿಹಿ ಲಸ್ಸಿ, ಶ್ರೀಖಂಡಗಳ ವಿಚಾರ ಹೇಳುವುದೇ ಬೇಡ.

ಅಂದಹಾಗೆ ೨೦೨೩ರ ಮಾರ್ಚ್‌ನಲ್ಲಿ ಮೊಸರಿನ ಪೊಟ್ಟಣದ ಮೇಲೆ 'ದಹಿ' ಎಂದು ಅಚ್ಚು ಹಾಕಬೇಕೆಂಬ ಸೂಚನೆ ದೆಹಲಿಯಿಂದ ಬಂದು, ಕರ್ನಾಟಕ ತಮಿಳುನಾಡುಗಳಲ್ಲಿ ವಿರೋಧ ಎದ್ದು, ಅದೇ ತಿಂಗಳು ೩೦ರಂದು ತಿದ್ದುಪಡಿಯಾದದ್ದು ನಿಮಗೆ ನೆನಪಿರಬಹುದು. ಆಗ ನಾವೆಲ್ಲ 'ಮೊಸರು' ಎಂಬ ಪದಕ್ಕಾಗಿ ಉತ್ಸಾಹದಿಂದ ದನಿಯೆತ್ತಿದೆವು. ಆದರೆ ನಮ್ಮ ಮಕ್ಕಳು ಅದೇ ವಸ್ತುವನ್ನು 'ಯೋಗರ್ಟ್' ಎಂದರೆ ಹೆಚ್ಚು ದುಡ್ಡು ಕೊಟ್ಟು ತರುತ್ತಾರೆ. ಗಟ್ಟಿಯಾಗುವುದೆಂಬ ಅರ್ಥದ ತುರ್ಕಿ ಮಾತಿನಿಂದ ಬಂದ ಹೆಸರದು. 'ಗ್ರೀಕ್ ಯೋಗರ್ಟ್' ಎಂದರೆ ನೀರು ಬಸಿದ ಮೊಸರು. ನಮ್ಮವರು ಬಟ್ಟೆಯಲ್ಲಿ ಗಂಟು ಕಟ್ಟಿ ತೂಗುಹಾಕುತ್ತಿದ್ದುದೇ. ಅದರ ಗುಣವನ್ನು ಅಲ್ಲಗಳೆಯಲಾರೆ. ಅರ್ಧ ಕಿಲೋ ಮೊಸರನ್ನು ತೆಳುಬಟ್ಟೆಯಲ್ಲಿ ಮೂರು ನಾಲ್ಕು ಗಂಟೆ ಕಟ್ಟಿಟ್ಟರೆ ಸುಮಾರು ಅರ್ಧದಷ್ಟು ಉಳಿಯುತ್ತದೆ, ಪ್ರೋಟೀನಿನ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಕ್ಕರೆಯ ಶೇಕಡಾವಾರು ಹೆಚ್ಚೇನೂ ಇಳಿಯದು, ಆದರೆ ಬಸಿದ ನೀರಿನೊಂದಿಗೆ ಒಟ್ಟು ಸಕ್ಕರೆಯ ಒಂದಂಶ ಹೊರಟುಹೋಗುತ್ತದೆ. ಹೊಟ್ಟೆ ತುಂಬಿದ ಭಾವನೆ ಬಹಳ ಹೊತ್ತು ಇರುತ್ತದೆ. ಅದಕ್ಕೆ ಅಂಗಡಿಯ ಪುಟ್ಟ ಲೋಟವೇ ಬೇಕೇ? ಹಳೆಯ ಮಲ್‌ಬಟ್ಟೆಯ ಒಂದು ತುಂಡು ಸಾಕಲ್ಲವೇ?

ಈಗ ಸವಿಯುವ ಮಾತು. ಇಲ್ಲಿ ನಾನು ತುಸು ಉದ್ದಕ್ಕೆ ಬರೆದರೆ ಬೇಸರಿಸಬಾರದು. ಅನ್ನ ಕಡಿಮೆ ಮಾಡಿದವನಿಗೆ ನಮ್ಮ ಕರಾವಳಿಯ ಅಡುಗೆಯಲ್ಲಿ ಏನಿದೆಯೆಂದು ಕೇಳುವವರಿದ್ದಾರೆ. ಇರುವುದೆಲ್ಲ ಅನ್ನಕ್ಕೆ ಕಲಸಿಕೊಳ್ಳಲೆಂದು ಹುಟ್ಟಿದ್ದು ನಿಜ. ಆದರೆ ಅದೇ ಪದಾರ್ಥಗಳನ್ನು ಬಟ್ಟಲಿಗೆ ಹಾಕಿಕೊಂಡು ಮುಖ್ಯ ಆಹಾರವಾಗಿ ತಿಂದುನೋಡಿ. ಒಂದೆಲಗದ ತಂಬುಳಿ: ಎಲೆ, ತೆಂಗಿನತುರಿ, ಒಂದೆರಡು ಕಾಳುಮೆಣಸು, ತುಸು ಜೀರಿಗೆ ಅರೆದು ಮೊಸರಿಗೆ ಕದಡಿದರೆ ಆಯಿತು. ಮಳೆಗಾಲದಲ್ಲಿ ಸಾಂಬ್ರಾಣಿ ಸೊಪ್ಪಿನದು (ಘಟ್ಟದ ಮೇಲಿನವರು ದೊಡ್ಡಪತ್ರೆ ಎನ್ನುತ್ತಾರೆ), ಹೊಟ್ಟೆ ಸರಿಯಿಲ್ಲದಾಗ ಮೆಂತ್ಯದ್ದು, ಕಾರ್ತಿಕದ ಹೊತ್ತಿಗೆ ನೆಲ್ಲಿಕಾಯಿಯದು. ಸೌತೆಕಾಯಿ, ಬಾಳೆದಿಂಡುಗಳ ಮೊಸರು ಬಜ್ಜಿಗೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಬಾಳಕದ ಮೆಣಸಿನ ಒಗ್ಗರಣೆ. ಹಾಗಲಕಾಯಿಯನ್ನು ತೆಳ್ಳಗೆ ಹೆಚ್ಚಿ, ಹುರಿದು, ತಿನ್ನುವ ಹೊತ್ತಿಗಷ್ಟೇ ಮೊಸರಿಗೆ ಬೆರೆಸಬೇಕು. ಮೊದಲೇ ಬೆರೆಸಿದರೆ ಮೆತ್ತಗಾಗಿ ಕಹಿ ಬಿಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ನನ್ನ ಮಟ್ಟಿಗೆ ಸುಟ್ಟ ಗುಳ್ಳದ ಗೊಜ್ಜು. ೨೦೧೧ರಲ್ಲಿ ಭೌಗೋಳಿಕ ಸೂಚ್ಯಂಕದ ಗೌರವ ಪಡೆದ ಮಟ್ಟುಗುಳ್ಳ ಸಿಕ್ಕಿದರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ಯಾವುದಾದರೂ ದುಂಡು ಬದನೆ. ಕೆಂಡದ ಮೇಲೆ ಸಿಪ್ಪೆ ಕರಿಯಾಗುವಂತೆ ಸುಟ್ಟು, ಸುಲಿದು, ಕಿವಿಚಿ, ಹಸಿಮೆಣಸು, ಉಪ್ಪು, ಗಟ್ಟಿ ಮೊಸರು ಹಾಕಿದರೆ ಅದರ ಹೊಗೆಯ ಪರಿಮಳಕ್ಕೆ ಅನ್ನ ನೆನಪಾಗುವುದಿಲ್ಲ. ಹಾಗೆಂದರೆ ಸುಳ್ಳಾದೀತು, ನೆನಪಾಗುತ್ತದೆ. ಆದರೆ ಸಹಿಸಬಹುದು. ನಾನಂತೂ ಈಗಲೂ ಎರಡು ಚಮಚೆ ಅನ್ನವನ್ನು ಒಂದು ಬಟ್ಟಲು ಮೊಸರಿಗೆ ಹಾಕಿಕೊಳ್ಳುತ್ತೇನೆ. ಹಿಂದೆ ಅನ್ನಕ್ಕೆ ಮೊಸರು, ಈಗ ಮೊಸರಿಗೆ ಅನ್ನ. ಮಿಡಿ ಉಪ್ಪಿನಕಾಯಿಯೂ ಇದೆ, ರಕ್ತದೊತ್ತಡ ನೋಡಿಕೊಂಡು ಅರ್ಧ ಮಿಡಿ. ಒಂದು ಎಚ್ಚರಿಕೆ: ಕಾಟುಮಾವಿನ, ಅನಾನಸಿನ ಗೊಜ್ಜುಗಳಲ್ಲಿ ಬೆಲ್ಲ ಧಾರಾಳ. ಮೊಸರವಲಕ್ಕಿಯೂ ಅನ್ನದ ಅಣ್ಣನೇ. ಅವನ್ನು ಹಬ್ಬಕ್ಕೆ ಬಿಡೋಣ.

'ನಮ್ಮ ಹಿರಿಯರು ದಿನಾ ಗಟ್ಟಿ ಮೊಸರು ತಿಂದು ನೂರು ವರ್ಷ ಬಾಳಿದರು' ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಾನು ಕಂಡ ಮನೆಗಳಲ್ಲಿ ಅಂಗಳದ ಗಿಡ್ಡ ದನ ಕೊಡುತ್ತಿದ್ದುದು ಕುಡ್ತೆಗಳ ಲೆಕ್ಕದ ಹಾಲು. ಅದರ ಮೊಸರು ಬೆಳಗಾಗುವುದರೊಳಗೆ ಕಡಗೋಲಿಗೆ ಸಿಕ್ಕಿ ಬೆಣ್ಣೆ ಬೇರೆಯಾಗುತ್ತಿತ್ತು. ಬೆಣ್ಣೆ ತುಪ್ಪವಾಗಿ ಪೇಟೆಗೆ, ನೀರು ಮಜ್ಜಿಗೆ ಮಕ್ಕಳ ಗಂಜಿಗೆ. ದನವಿಲ್ಲದ ಮನೆಗಳಲ್ಲಿ ಅದೂ ಇಲ್ಲ. ಗಂಜಿಗೆ ಚಟ್ನಿಯೋ ಒಣಮೀನೋ ನಂಚಿಕೊಂಡು ಶಾಲೆಗೆ ಬರುತ್ತಿದ್ದ, ಮೊಸರೆಂದರೆ ಮದುವೆ ಮನೆಯ ಪದಾರ್ಥವೆಂದು ತಿಳಿದಿದ್ದ ಮಕ್ಕಳು ನನ್ನ ತರಗತಿಯಲ್ಲಿದ್ದರು. ಅವರಿಗೂ ನಾನು 'ಹಾಲು ಮೊಸರಾಗುವುದು ಯಾವ ಬದಲಾವಣೆ' ಎಂದು ಕೇಳಿದ್ದೆ. ೧೯೮೬ರಲ್ಲಿ ದಕ್ಷಿಣ ಕನ್ನಡ ಹಾಲು ಒಕ್ಕೂಟ ಸ್ಥಾಪನೆಯಾಗಿ, ಊರೂರಿನಲ್ಲಿ ಹಾಲಿನ ಸೊಸೈಟಿಗಳು ಬೆಳೆದ ಮೇಲೆಯೇ ಮೊಸರು ಸಾಮಾನ್ಯರ ಮನೆಯನ್ನು ದಿನನಿತ್ಯ ಹೊಕ್ಕದ್ದು. ಅಷ್ಟು ತಡವಾಗಿ ದಕ್ಕಿದ ವಸ್ತುವನ್ನು ಯಾವುದೋ ಪಟ್ಟಿ ನೋಡಿ ಇಷ್ಟು ಬೇಗ ಹೊರಹಾಕುವುದೇ? ಆ ವಿದ್ಯಾರ್ಥಿಯೂ ದನವಿಲ್ಲದ ಮನೆಯಿಂದಲೇ ಬಂದವನು. ಅವನು ಎಲೆಗೆ ಕೈ ಅಡ್ಡ ಹಿಡಿದಾಗ ನನಗೆ ನೋವಾದದ್ದು ಅದಕ್ಕೇ ಇರಬೇಕು.

ಇನ್ನೆರಡು ಮಾತು, ಇವನ್ನು ಹಗುರಾಗಿ ಓದಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರಿಗೆ ತಿಳಿಸಿ, ಔಷಧದ ಪ್ರಮಾಣ ಸರಿಪಡಿಸಿಕೊಂಡೇ ಹೊರಡಬೇಕು. ಮೂತ್ರಪಿಂಡದ ತೊಂದರೆಯಿರುವವರಿಗೆ ಪ್ರೋಟೀನಿನ ಲೆಕ್ಕವೇ ಬೇರೆ, ಗಂಟುಕಟ್ಟಿದ ಮೊಸರು ಅವರಿಗೆ ಹೇಳಿದ್ದಲ್ಲ. ರಾತ್ರಿ ಮೊಸರು ತಿನ್ನಬಾರದೆಂದು ಚರಕ ಸಂಹಿತೆಯಲ್ಲಿ ಹೇಳಿದೆ. ನಮ್ಮ ಮನೆಯಲ್ಲೂ ಅಜ್ಜಿಯ ಕಾಲದಿಂದ ಅದೇ ರೂಢಿ. ನಾನು ರಾತ್ರಿ ತೆಳುಮಜ್ಜಿಗೆಗೆ ನಿಂತಿದ್ದೇನೆ. ಒಂದಕ್ಕೆ ಮೂರು ನೀರು ಬೆರೆಸಿ, ಶುಂಠಿ, ಕರಿಬೇವು ಜಜ್ಜಿ ಹಾಕಿದ್ದು. ದೊಡ್ಡ ಲೋಟಕ್ಕೂ ಎರಡು ಗ್ರಾಂ ಸಕ್ಕರೆ ಬಂದರೆ ಹೆಚ್ಚು.

ಆ ದಿನ ಸಂಜೆ ಅವನು ಹೊರಡುವಾಗ ನನ್ನ ಪತ್ನಿ ಪುಟ್ಟ ಸ್ಟೀಲಿನ ಡಬ್ಬಿಯಲ್ಲಿ ಎರಡು ಚಮಚೆ ಹೆಪ್ಪು ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟಳು. ಅವನು ಬೇಡವೆನ್ನಲಿಲ್ಲ. ತಂಪು ಪೆಟ್ಟಿಗೆಯಲ್ಲಿ ಉಳಿದ ಲೋಟಗಳ ಪಕ್ಕದಲ್ಲಿಯೇ ಅದನ್ನಿಟ್ಟುಕೊಂಡ. ಎರಡು ದಿನ ಬಿಟ್ಟು ಫೋನು ಬಂತು, ನನಗಲ್ಲ, ಆಕೆಗೆ. ಮೊಸರು ಹೆಪ್ಪಾಗಲಿಲ್ಲವಂತೆ, ಲೋಳೆಲೋಳೆಯಾಗಿ ಉಳಿಯಿತಂತೆ. ನಮ್ಮ ಕಡಲತಡಿಯ ಸೆಕೆಗೆ ಐದಾರು ಗಂಟೆಯಲ್ಲಿ ಆಗುವುದು ಬೆಂಗಳೂರಿನ ತಂಪು ರಾತ್ರಿಯಲ್ಲಿ ಆದೀತೇ? ಹಾಲು ಬೆರಳಿಗೆ ಹಿತವಾಗುವಷ್ಟು ಬೆಚ್ಚಗಿರಲಿ, ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಅಲುಗಿಸಬೇಡ, ಬೈರಾಸಿನಲ್ಲಿ ಸುತ್ತಿ ಅಕ್ಕಿಯ ಡಬ್ಬದೊಳಗೆ ಇಡು ಎಂದು ಆಕೆ ವಿವರಿಸಿದಳು. "ಅಕ್ಕಿ ಡಬ್ಬ ಖಾಲಿ ಇತ್ತಲ್ದಾ ಅಮ್ಮ" ಎಂದು ಅವನು ನಕ್ಕದ್ದು ನನಗೂ ಕೇಳಿಸಿತು. ಮೂರನೆಯ ಸಲಕ್ಕೆ ಗಟ್ಟಿಯಾಗಿ ಆಯಿತಂತೆ. ಪಾತ್ರೆ ಓರೆ ಮಾಡಿದರೂ ಜಾರದಷ್ಟು ಗಟ್ಟಿಯೆಂದು ಚಿತ್ರ ತೆಗೆದು ಕಳಿಸಿದ್ದಾನೆ.